ಮಗನಿಗೆ ಹೊಂದುವವರು

ಗಾಜಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಒಂದೇ ಒಂದು ಗಾಜನ್ನೂ ಒಡೆಯದವನು ಮನೆಯಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಿದ್ದ. ಆಳೆತ್ತರದ ಕನ್ನಡಿಯನ್ನು ಒಬ್ಬನೇ ಹೊತ್ತು ಮೂರು ಮಹಡಿ ಹತ್ತಿ, ಗೋಡೆಗೆ ಮೆಲ್ಲಗೆ ಒರಗಿಸಿ, ಮೇಲೆ ಕೂತ ಧೂಳನ್ನು ತೋಳಿನಿಂದ ಒರೆಸಿ ಬರುವಂಥ ಕೈ ಅವನದು. ಅಂಗಡಿಯ ಮಾಲೀಕ ಆ ಕೈಯನ್ನು ಗಿರಾಕಿಗಳಿಗೆ ತೋರಿಸಿ ಹೊಗಳುತ್ತಿದ್ದ. ಅದೇ ಕೈ ಮನೆಯ ಹೊಸ್ತಿಲು ದಾಟಿದ ಮೇಲೆ ಏನು ಮಾಡುತ್ತಿತ್ತು ಎಂಬುದು ಗೊತ್ತಿದ್ದವರು ಮೂರೇ ಜನ. ಹೆಂಡತಿ, ಹದಿನೈದು ವರ್ಷದ ಮಗಳು ಮತ್ತು ಅವನನ್ನು ಹೆತ್ತ ತಾಯಿ.

ತಾಯಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತೆಂಟು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ನಿವೃತ್ತಳಾದವಳು. ಬೀದಿಯವರ ಬಾಯಲ್ಲಿ ಕಾಲರ್ ಅಜ್ಜಿ. ಗಂಡ ಸತ್ತಾಗ ಮಗನಿಗೆ ಹನ್ನೊಂದು ವರ್ಷ. ಅಂದಿನಿಂದ ಮಗನ ಬಾಯಿ ಎಂದರೆ ಅವಳೇ. ಶಾಲೆಯಲ್ಲಿ ಮೇಷ್ಟ್ರಿಗೆ ಉತ್ತರ ಕೊಟ್ಟವಳು ಅವಳು, ಗಾಜಿನ ಅಂಗಡಿಗೆ ಹೋಗಿ ಕೆಲಸ ಕೇಳಿದವಳು ಅವಳು, ಮದುವೆಯ ಮಾತು ಮುಗಿಸಿದವಳೂ ಅವಳೇ. ಅವನ ಕಾಲಿಗೆ ಚಪ್ಪಲಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಅಂಗಡಿಯವನಿಗೆ ಅವಳು ಹೇಳುತ್ತಿದ್ದಳು, ಅವನು ಸುಮ್ಮನೆ ಕಾಲು ಚಾಚಿ ಕೂತಿರುತ್ತಿದ್ದ. ನಲವತ್ನಾಲ್ಕು ವರ್ಷದ ಗಂಡಸು, ನೆನಪಿರಲಿ.

ಒಂದು ಭಾನುವಾರ ಬೆಳಗ್ಗೆ ಮೊಟ್ಟೆ ಸ್ವಲ್ಪ ಗಟ್ಟಿಯಾಗಿ ಬೆಂದಿತು. ಅಷ್ಟೇ ಕಾರಣ.

"ಇದನ್ನ ತಿನ್ನೋದಾ, ಗೋಡೆಗೆ ಹೊಡೆಯೋದಾ?" ಎಂದ ಮಗ.

ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ ಆಗತಾನೇ ಬಂದಿದ್ದಳು. ಒಲೆಯಿಂದ ತಿರುಗದೆಯೇ, "ಗೋಡೆಗಾದ್ರೂ ಹೊಡೀರಿ, ನನಗೆ ಸಾಕಾಗಿದೆ," ಎಂದಳು.

ತಟ್ಟೆ ಗೋಡೆಗೆ ಹೋಗಲಿಲ್ಲ, ಅವಳ ಬೆನ್ನಿಗೆ ಹೋಯಿತು. ತಟ್ಟೆಯ ಹಿಂದೆಯೇ ಅವನೂ ಹೋದ. ಜುಟ್ಟು ಹಿಡಿದು ಅವಳ ಹಣೆಯನ್ನು ಕಪಾಟಿನ ಬಾಗಿಲಿಗೆ ಎರಡು ಸಲ ಬಡಿದ. ಮೂರನೆಯದಕ್ಕೆ ಎಳೆಯುವಷ್ಟರಲ್ಲಿ ಮಗಳು ನಡುವೆ ನುಗ್ಗಿದಳು. ಮೋಟುಗಾತ್ರದ ಹುಡುಗಿ, ಮಾತು ಖಾರ. ಅಜ್ಜಿ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದಳು.

"ಬಿಡಪ್ಪಾ! ಬಿಡು ಅಮ್ಮನ್ನ! ಬಿಡ್ತೀಯೋ ಇಲ್ವೋ!"

ಅವನು ಬಿಟ್ಟ. ಬಿಟ್ಟು ಮಗಳ ಕೈ ಹಿಡಿದು ತಿರುಚಿದ. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಮೆಣಸು ಕಿರುಚಲೂ ಇಲ್ಲ, ಬಾಯಿ ತೆರೆದುಕೊಂಡು ನೆಲಕ್ಕೆ ಕುಸಿದಳು.

ಅಜ್ಜಿ ಮೇಜಿನ ತುದಿಯಲ್ಲಿ ಚಹಾದಲ್ಲಿ ಬ್ರೆಡ್ಡು ಅದ್ದುತ್ತಿದ್ದಳು. ಎದ್ದು ಬಂದು ಮೊಮ್ಮಗಳ ತಲೆ ಸವರುತ್ತ ಏನೆಂದಳು ಗೊತ್ತೇ? "ಅಯ್ಯೋ ಮೆಣಸು, ದೊಡ್ಡೋರ ಮಧ್ಯೆ ನೀನ್ಯಾಕೆ ಹೋದೆ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಎಲ್ಲರಿಗಿಂತ ಮೊದಲು ಬಾಯಿ ತೆರೆದವಳೂ ಅವಳೇ. "ಬಚ್ಚಲಲ್ಲಿ ಜಾರಿಬಿಟ್ಲು ಡಾಕ್ಟ್ರೇ, ಈಗಿನ ಮಕ್ಕಳಿಗೆ ನಿಗಾ ಇಲ್ಲ."

ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಬಿಚ್ಚುವುದು ಆರು ವಾರದ ಮೇಲೆ. ಮನೆಗೆ ಬಂದು ಮಗಳನ್ನು ಮಲಗಿಸಿ ಸೊಸೆ ಗಂಡನ ಎದುರು ನಿಂತಳು. ಹಣೆಯ ಮೇಲೆ ಬೋರೆಹಣ್ಣಿನಷ್ಟು ಊತ.

"ಆರು ವಾರ ಟೈಮು ಕೊಡ್ತೀನಿ. ಆಸ್ಪತ್ರೆಲಿ ಸಿಸ್ಟರ್ ಹೇಳಿದ್ರು, ಇಂಥ ಕೋಪಕ್ಕೆ ಅಂತಲೇ ಕೂತು ಮಾತಾಡಿಸೋ ಕೌನ್ಸೆಲರುಗಳು ಇದ್ದಾರಂತೆ. ಒಬ್ಬರು ಹೊಂದದೆ ಹೋದ್ರೆ ಇನ್ನೊಬ್ಬರು. ನಿಮಗೆ ಹೊಂದೋರನ್ನ ನೀವೇ ಹುಡುಕ್ಕೊಳ್ಳಿ. ಪ್ಲಾಸ್ಟರ್ ಬಿಚ್ಚೋ ಹೊತ್ತಿಗೆ ಈ ಮನೇಲಿ ಕೈ ಎತ್ತೋದು ನಿಂತಿರಬೇಕು. ಇಲ್ಲಾಂದ್ರೆ ಇವಳನ್ನ ಕರ್ಕೊಂಡು ನಮ್ಮಣ್ಣನ ಮನೆಗೆ ಹೋಗ್ತೀನಿ. ಹೋದೋಳು ತಿರುಗಿ ಬರಲ್ಲ."

"ಹೋಗು, ಯಾರು ತಡೆದಿದ್ದಾರೆ," ಎಂದ ಮಗ. ಆದರೆ ದನಿ ಗಟ್ಟಿ ಇರಲಿಲ್ಲ.

"ಹುಚ್ಚು ಹಿಡಿದೋರ ಡಾಕ್ಟ್ರ ಹತ್ರ ನನ್ನ ಮಗನ್ನ ಕಳಿಸ್ತೀಯೇನೇ?" ಎಂದು ಅಜ್ಜಿ ರೇಗಿದಳು. ರೇಗಿದಳು, ನಿಜ, ಒಳಗೆ ಮಾತ್ರ ಎದೆ ಧಸಕ್ಕೆಂದಿತ್ತು. ಮೆಣಸು ಅವಳ ಮಡಿಲಲ್ಲೇ ಬೆಳೆದ ಕೂಸು. ಸೂಜಿಗೆ ದಾರ ಪೋಣಿಸಿ ಕೊಡುವುದಕ್ಕೂ, ಬೀದಿ ಸುದ್ದಿ ತಂದು ಹೇಳಿ ನಗಿಸುವುದಕ್ಕೂ ಆ ಮನೆಯಲ್ಲಿ ಅಜ್ಜಿಗಿದ್ದವಳು ಅವಳೊಬ್ಬಳೇ. ಆ ಹುಡುಗಿ ಹೋದರೆ ತಾನು ಆ ಮನೆಯಲ್ಲಿ ಯಾರ ಮುಖ ನೋಡಿಕೊಂಡು ಇರುವುದು? ಸಂಜೆಯ ಹೊತ್ತಿಗೆ ಅವಳೇ ಮಗನ ಪಕ್ಕ ಹೋಗಿ ಕೂತಳು.

"ಹೋಗಿ ಬರೋಣ ಕಣೋ. ನಾನೂ ಬರ್ತೀನಿ. ಚೆನ್ನಾಗಿ ನೋಡಿ, ನಿನಗೆ ಹೊಂದೋ ಅಂಥೋರನ್ನೇ ಆರಿಸೋಣ."

ಮೊದಲನೆಯವನು ಎಳೆಯ ಹುಡುಗ. ಬಿಳಿ ಗೋಡೆಯ ಕೋಣೆ, ಮೂರು ಕುರ್ಚಿ, ಒಂದು ಗಿಡದ ಕುಂಡ. ದನಿ ಎಷ್ಟು ಮೃದು ಎಂದರೆ ಅಜ್ಜಿ ಎರಡೆರಡು ಸಲ "ಆಂ?" ಎನ್ನಬೇಕಾಯಿತು.

"ಸಿಟ್ಟು ಬಂದಾಗ ನಿಮಗೆ ಏನನ್ನಿಸುತ್ತೆ ಸರ್?"

"ಏನನ್ನಿಸುತ್ತೆ ಅಂದ್ರೆ? ಸಿಟ್ಟು ಬಂದಂಗನ್ನಿಸುತ್ತೆ," ಎಂದಳು ಅಜ್ಜಿ.

"ಸರ್ ಅವರನ್ನ ಕೇಳ್ದೆ ನಾನು."

"ಅವನದ್ದೆಲ್ಲ ನನ್ನ ಕೇಳಪ್ಪ. ಹೆತ್ತೋಳು ನಾನಲ್ವಾ? ಇವನು ಬೆಳಗಿಂದ ಸಂಜೇವರೆಗೂ ಗಾಜು ಹೊರ್ತಾನೆ. ಮನೆಗೆ ಬಂದ್ರೆ ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಅವಳೂ ಕೆಲಸಕ್ಕೆ ಹೋಗ್ತಾಳೆ ನೋಡು."

ಹುಡುಗ ತಲೆಯಾಡಿಸಿದ. ಅವಳು ಇನ್ನೊಂದು ಹೇಳಿದಳು, ಅದಕ್ಕೂ ತಲೆಯಾಡಿಸಿದ. ಒಂದು ಗಂಟೆ ಇವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಕೊನೆಗೆ, "ಮುಂದಿನ ವಾರ ಇನ್ನಷ್ಟು ಮಾತಾಡೋಣ," ಎಂದ. ಮಗ ಅಷ್ಟು ಹೊತ್ತೂ ಕುಂಡದ ಎಲೆ ಎಣಿಸುತ್ತ ಕೂತಿದ್ದ.

"ಇದು ಆಗೋದಲ್ಲ ಹೋಗೋದಲ್ಲ," ಎಂದಳು ಅಜ್ಜಿ ಬೀದಿಗೆ ಬಂದು. "ಅವನ ಕತ್ತಿಗೆ ಸ್ಪ್ರಿಂಗ್ ಇಟ್ಟಿದ್ದಾರೆ."

ಮಗ ನಕ್ಕ. ಆ ನಗು ಬಸ್ಸಿಳಿಯುವವರೆಗೂ ಇರಲಿಲ್ಲ. ಮಾರನೆಯ ದಿನ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂಬ ನೆಪಕ್ಕೆ ಹೆಂಡತಿಯ ಕೆನ್ನೆಗೆ ಬಿಗಿದ. ಅವಳ ತುಟಿ ಒಡೆಯಿತು. ಅವಳು ಬಚ್ಚಲಿಗೆ ಹೋಗಿ ಬಾಯಿ ತೊಳೆದು ಬಂದು, "ಒಂದು ವಾರ ಕಳೀತು," ಎಂದಳು.

ಎರಡನೆಯವಳು ಐವತ್ತೈದು ದಾಟಿದ ಹೆಂಗಸು. ಔಷಧಿ ಅಂಗಡಿಯ ಮೇಲೆ ಒಂದು ಕೋಣೆ, ಮೆಟ್ಟಿಲು ಕಡಿದು. ಎಲ್ಲರೂ ಮೇಡಂ ಎನ್ನುತ್ತಿದ್ದರು. ನಗು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಕಣ್ಣು ಹೆಚ್ಚು. ಅಜ್ಜಿ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲೇ ಆಕೆ, "ನೀವು ಹೊರಗೆ ಕೂತ್ಕೊಳ್ಳಿ ಅಮ್ಮ," ಎಂದಳು.

"ನಾನು ಅವನ ತಾಯಿ."

"ಗೊತ್ತಾಯ್ತು. ಅದಕ್ಕೇ ಹೇಳಿದ್ದು. ಹೊರಗೆ ಬೆಂಚಿದೆ."

ಅಜ್ಜಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಬೆಂಚಿನ ಮೇಲೆ ಕೂತು ಬಾಗಿಲಿಗೆ ಕಿವಿ ಕೊಟ್ಟಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮೇಡಮ್ಮಿನ ದನಿ ಜೋರಾಗಿಯೇ ಬಂತು. "ಮೊಟ್ಟೆ ಕಥೆ ಬೇಡ ನನಗೆ. ಮಗಳ ಕೈ ಮುರಿದವರು ಯಾರು? ಹೆಸರು ಹೇಳಿ." ಮಗ ಏನೋ ಗೊಣಗಿದ. "ಕೈ ಮುರೀತು ಅನ್ನಬೇಡಿ. ತಾನಾಗೇ ಮುರಿಯುತ್ತಾ ಕೈ? ನಾನು ಮುರಿದೆ ಅನ್ನಿ." ಅರ್ಧ ಗಂಟೆಯ ಮೇಲೆ ಮಗ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು. ಅಪ್ಪ ಸತ್ತ ದಿನವೂ ಅಳದ ಮಗ.

"ಏನಂದ್ಲೋ ಅವಳು? ಏನು ಮಾಡಿದ್ಲು?"

"ಏನಿಲ್ಲ. ಮುಂದಿನ ಮಂಗಳವಾರ ಬಾ ಅಂದ್ರು."

ಅಂದು ಅವನು ತಟ್ಟೆಯಲ್ಲಿದ್ದದ್ದನ್ನು ಮಾತಿಲ್ಲದೆ ತಿಂದ. ತಿಂದು ತಟ್ಟೆ ತಾನೇ ತೊಳೆದಿಟ್ಟ. ಮೆಣಸು ಕಣ್ಣು ಅರಳಿಸಿಕೊಂಡು ಅಮ್ಮನ ಕಡೆ ನೋಡಿದಳು. ಬುಧವಾರ ಕಳೆಯಿತು, ಗುರುವಾರ ಕಳೆಯಿತು. ಮನೆಯಲ್ಲಿ ಒಂದು ಲೋಟವೂ ಹಾರಲಿಲ್ಲ. ಶುಕ್ರವಾರ ಅವನು ಮಗಳ ನೋಟ್‌ಬುಕ್ಕಿಗೆ ಗೆರೆ ಎಳೆದು ಕೊಟ್ಟ, ಅವಳ ಬಲಗೈ ಪ್ಲಾಸ್ಟರಿನಲ್ಲಿ ಇತ್ತಲ್ಲ. ಸೊಸೆ ಅಡುಗೆ ಮಾಡುತ್ತ ಏನೋ ಗುನುಗಿಕೊಂಡಳು.

ಎಲ್ಲರಿಗೂ ಉಸಿರು ಬಂದಿತ್ತು, ಅಜ್ಜಿಯೊಬ್ಬಳಿಗೆ ಉಸಿರು ಕಟ್ಟಿತ್ತು. ಮಗ ಅವಳ ಜೊತೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ಶನಿವಾರ ಅವಳು ತಡೆಯಲಾರದೆ ಅವನು ಚಪ್ಪಲಿ ಮೆಟ್ಟುವಾಗ ಹಿಡಿದು ನಿಲ್ಲಿಸಿದಳು.

"ನನ್ನ ಬಗ್ಗೆ ಏನಾದ್ರೂ ಕೇಳಿದ್ಲೇನೋ?"

ಅವನು ನೆಲ ನೋಡಿದ. "ಅಪ್ಪ ನನ್ನ ಬೆಲ್ಟಲ್ಲಿ ಹೊಡೀವಾಗ ಅಮ್ಮ ಎಲ್ಲಿರ್ತಿದ್ರು ಅಂತ ಕೇಳಿದ್ರು."

"ನೀನೇನಂದೆ?"

"ಅಲ್ಲೇ ಇರ್ತಿದ್ಲು ಅಂದೆ."

ಅವನು ಕೆಲಸಕ್ಕೆ ಹೋದ. ಅಜ್ಜಿ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಹಗಲೂ ಇರುಳೂ ಕಾಲರ್ ಹೊಲಿದು ಸಾಕಿದವಳು ನಾನು, ಈ ಕನ್ನಡಕದವಳು ಅರ್ಧ ಗಂಟೆಯಲ್ಲಿ ನನ್ನ ಮಗನನ್ನು ಅಳಿಸಿ, ನನ್ನ ಮೇಲೆ ಸಾಕ್ಷಿ ಹೇಳಿಸಿದಳೇ! ಅವಳು ನೇರ ಹೋಗಿ ಫೋನ್ ಎತ್ತಿದಳು.

"ಮೇಡಂ ಏನಮ್ಮ? ಗಾಜಿನ ಅಂಗಡಿಯವನ ಮನೆಯಿಂದ. ಅವನಿಗೆ ರಜ ಸಿಗಲ್ಲ. ಇನ್ಮೇಲೆ ಬರಲ್ಲ."

"ಅವರೇ ಹಾಗಂದ್ರಾ?"

"ಅವನ ಪರವಾಗಿ ನಾನು ಹೇಳ್ತಿದ್ದೀನಲ್ಲ, ಸಾಲ್ದಾ?" ಎಂದು ಫೋನ್ ಕುಕ್ಕಿದಳು.

ಸಂಜೆ ಮಗನಿಗೆ ಹೇಳಿದ್ದೇ ಬೇರೆ. "ಆ ಮೇಡಂ ಫೋನ್ ಮಾಡಿದ್ಲು ಕಣೋ. ನಿನ್ನಂಥೋನನ್ನ ನೋಡೋಕೆ ಅವಳಿಗೆ ಪುರುಸೊತ್ತಿಲ್ಲವಂತೆ. ಬರಬೇಡ ಅಂದ್ಲು."

ಅವನ ಮುಖ ಒಂದೇ ಸಲಕ್ಕೆ ಮುಚ್ಚಿಕೊಂಡಿತು. "ಹಾಗಂದ್ರಾ?" ಎಂದ. "ಹಾಗೇ ಅಂದ್ರಾ?" ಎದ್ದು ಹೋಗಿ ಮಂಗಳವಾರಕ್ಕೆಂದು ತೆಗೆದಿಟ್ಟಿದ್ದ ಇಸ್ತ್ರಿ ಅಂಗಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದ. ಏನಾಯಿತು ಎಂದು ಕೇಳಲು ಬಂದ ಹೆಂಡತಿಯ ಕಾಲಿಗೆ ಸ್ಟೂಲು ಬೀಸಿದ.

ಅಜ್ಜಿಗೆ ಮನಸ್ಸು ಚುಚ್ಚಲಿಲ್ಲವೇ ಎಂದರೆ, ಚುಚ್ಚಿತು. ಆದರೆ ಅವಳು ಅದಕ್ಕೆ ಒಂದು ಬಟ್ಟೆ ಹೊದಿಸಿಬಿಟ್ಟಳು. ಅಳಿಸುವವಳು ಹೊಂದುವುದಿಲ್ಲ, ನಗಿಸುವವರನ್ನು ಹುಡುಕೋಣ.

ನಗಿಸುವವನು ಸಿಕ್ಕಿದ. ಮೂರನೆಯವನ ಕೋಣೆಯಲ್ಲಿ ಮೆತ್ತನೆಯ ಸೋಫಾ, ಬಂದವರಿಗೆಲ್ಲ ಚಹಾ, ಗೋಡೆ ತುಂಬ ಫ್ರೇಮು ಹಾಕಿದ ಸರ್ಟಿಫಿಕೇಟು. ಮಾತಿನ ಮಲ್ಲ. ಅಜ್ಜಿಯನ್ನು ಕಂಡದ್ದೇ, "ಬನ್ನಿ ಬನ್ನಿ ತಾಯಿ, ನೀವಿಲ್ಲದೆ ಏನು ಮಾತು!" ಎಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಅವಳ ಬೆನ್ನು ಅಲ್ಲೇ ನೆಟ್ಟಗಾಯಿತು.

"ನೋಡಿ ಸ್ವಾಮಿ," ಎಂದ ಅವನು ಮಗನ ತೊಡೆ ತಟ್ಟಿ, "ಸಿಟ್ಟು ಅನ್ನೋದು ಹಬೆ. ಒಳಗೆ ಇಟ್ಕೊಂಡ್ರೆ ಸಿಡಿಯುತ್ತೆ. ಹೊರಗೆ ಹಾಕಿ! ದಿನಾ ಸಂಜೆ ಒಂದು ದಿಂಬು ತಗೊಳ್ಳಿ, ಮನಸ್ಸು ಬಿಟ್ಟು ಬಾರಿಸಿ. ಇನ್ನೊಂದು. ಗಂಡಸು ದುಡಿದು ಬಂದಾಗ ಮನೆಯವರು ಅರ್ಧ ಗಂಟೆ ತುಟಿ ಪಿಟಕ್ಕೆನ್ನಬಾರದು. ಮನೆಯಾಕೆಗೂ ಹೇಳಿ."

"ನಾನು ಹೇಳ್ತೀನಿ," ಎಂದಳು ಅಜ್ಜಿ ಖುಷಿಯಾಗಿ.

ಬಸ್ಸಿನಲ್ಲಿ ಮಗ, "ಇವನು ಸರಿ ಅಮ್ಮ. ಇವನಿಗೆ ನನ್ನ ಕಷ್ಟ ಅರ್ಥ ಆಯ್ತು," ಎಂದ.

"ಇವನೇ ನಿನಗೆ ಹೊಂದೋನು. ನೋಡಿದ ಕೂಡ್ಲೆ ಗೊತ್ತಾಯ್ತು ನನಗೆ."

ಮರುದಿನದಿಂದ ಸಂಜೆ ಆರಕ್ಕೆ ದಿಂಬು ಶುರು. ಮಲಗುವ ಕೋಣೆಯಿಂದ ಧಡ್ ಧಡ್ ಎಂದು ಸದ್ದು. ಮೆಣಸು ಎಡಗೈಯಲ್ಲಿ ಬರೆಯುತ್ತಿದ್ದವಳು ಪ್ರತಿ ಏಟಿಗೂ ಭುಜ ಕುಗ್ಗಿಸುತ್ತಿದ್ದಳು. ಮೂರನೆಯ ದಿನ ಸೊಸೆ ಕೋಣೆಯ ಬಾಗಿಲಿಗೆ ಹೋಗಿ ನಿಂತು ನೋಡಿದಳು.

"ರೀ, ಅದು ನನ್ನ ದಿಂಬು."

"ಅದಕ್ಕೆ?"

"ನಿಮ್ಮ ದಿಂಬಿಗೆ ಹೊಡ್ಕೊಳ್ಳಿ."

"ಯಾವ ದಿಂಬು ಅಂತ ಡಾಕ್ಟ್ರು ಹೇಳಿಲ್ಲ," ಎಂದು ಅವನು ಮತ್ತೆ ಮುಷ್ಟಿ ಎತ್ತಿದ. ಹೆಂಡತಿಯ ಮುಖ ನೋಡಿಕೊಂಡೇ ಬಾರಿಸಿದ.

ಅವಳು ಅಡುಗೆಮನೆಗೆ ಬಂದು ಅತ್ತೆಗೆ ಹೇಳಿದಳು. "ಅತ್ತೆ, ನಿಮ್ಮ ಮಗ ಅಭ್ಯಾಸ ಮಾಡ್ತಿದ್ದಾರೆ."

"ಸುಮ್ನಿರೇ. ನಿನ್ನ ಮೇಲೆ ಬೀಳೋದಕ್ಕಿಂತ ದಿಂಬಿನ ಮೇಲೆ ಬೀಳ್ತಾನಲ್ಲ, ಸಂತೋಷಪಡು."

ಎಂಟನೆಯ ದಿನ ದಿಂಬು ಹರಿದು ಹತ್ತಿ ಹೊರಗೆ ಬಂತು. ಅವನ ಕೈ ಇನ್ನೂ ಬಿಸಿಯಾಗಿಯೇ ಇತ್ತು. ಸೊಸೆ ನೆಲದ ಮೇಲೆ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಹತ್ತಿ ಮೆತ್ತಿದ ತಲೆಯಲ್ಲಿ ಬಂದು ನಿಂತವನನ್ನು ಕಂಡು ಪಾಪ ಅವಳಿಗೆ ಒಂದು ಕ್ಷಣ ನಗು ಬಂತು. ಅಷ್ಟು ಸಾಕಾಯಿತು. ಕಾಲೆತ್ತಿ ಅವಳ ಕೈಗೆ ಒದ್ದ. ಚಾಕು ಅವಳ ಅಂಗೈಯಲ್ಲಿ ಮೂಳೆಯವರೆಗೆ ಇಳಿಯಿತು. ಅವಳು ಮಗ್ಗುಲಿಗೆ ಬಿದ್ದ ಮೇಲೂ ಪಕ್ಕೆಗೆ, ಬೆನ್ನಿಗೆ, ತೊಡೆಗೆ ಒದೆಯುತ್ತಲೇ ಇದ್ದ. "ಒಳಗೆ ಇಟ್ಕೋಬೇಡ ಅಂದಿದ್ದಾರೆ! ಗೊತ್ತಾಯ್ತಾ? ಹೊರಗೆ ಹಾಕು ಅಂದಿದ್ದಾರೆ!" ಆಲೂಗಡ್ಡೆ ಹೋಳುಗಳು ರಕ್ತದಲ್ಲಿ ಉರುಳಾಡಿದವು.

"ಸಾಕು ಬಿಡೋ, ಸಾಕು," ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. ಆಮೇಲೆ ಸೊಸೆಯನ್ನು ಎಬ್ಬಿಸುವಾಗ, "ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ನೀನ್ಯಾಕೆ ನಕ್ಕೆ?" ಎಂದಳು.

ಮೆಣಸು ಅಜ್ಜಿಯ ಕೈಯನ್ನು ಅಮ್ಮನ ತೋಳಿಂದ ಕಿತ್ತು ಹಾಕಿದಳು. "ಮುಟ್ಟಬೇಡ ನಮ್ಮಮ್ಮನ್ನ. ನೀನು ಮುಟ್ಟಲೇಬೇಡ," ಎಂದಳು. ಆ ಹುಡುಗಿ ಅಂಥ ದನಿಯಲ್ಲಿ ಅಜ್ಜಿಯನ್ನು ಎಂದೂ ಮಾತಾಡಿಸಿರಲಿಲ್ಲ.

ಅಂಗೈಗೆ ಒಂಬತ್ತು ಹೊಲಿಗೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲಿಂದಲೇ ಸೊಸೆ ಔಷಧಿ ಅಂಗಡಿಯ ಮೇಲಿನ ಮೇಡಮ್ಮಿಗೆ ಫೋನ್ ಮಾಡಿದಳು. ಹೇಗಾದರೂ ಮಾಡಿ ಗಂಡನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಬೇಡಿಕೊಳ್ಳುವುದು ಅವಳ ಉದ್ದೇಶ. ಬೇಡಿಕೊಳ್ಳುವ ಅಗತ್ಯವೇ ಇರಲಿಲ್ಲ ಎಂದು ಆಗ ತಿಳಿಯಿತು.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಐದು ವಾರ ಆಗಿತ್ತು. ಸೊಸೆ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಕಲೆಸುತ್ತ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು.

"ಆ ಮೇಡಂಗೆ ಫೋನ್ ಮಾಡಿದ್ದೆ."

"ಅವಳ ಸುದ್ದಿ ಎತ್ತಬೇಡ," ಎಂದ ಗಂಡ. "ಪುರುಸೊತ್ತಿಲ್ಲ ಅಂದೋಳು."

"ಅವರು ಹಾಗೆ ಅಂದೇ ಇಲ್ಲ. ಆ ಮಂಗಳವಾರ ನೀವು ಬರ್ತೀರೇನೋ ಅಂತ ಒಂದು ಗಂಟೆ ಕಾದ್ರಂತೆ. ಬರಲ್ಲ ಅಂತ ನಮ್ಮ ಮನೆಯಿಂದಲೇ ಫೋನ್ ಹೋಗಿತ್ತು. ವಯಸ್ಸಾದ ಹೆಂಗಸಿನ ದನಿ ಅಂದ್ರು."

ಮನೆಯಲ್ಲಿ ವಯಸ್ಸಾದ ಹೆಂಗಸು ಒಬ್ಬಳೇ ಇದ್ದದ್ದು. ಮೂವರೂ ಅವಳ ಕಡೆ ತಿರುಗಿದರು. ಅಜ್ಜಿ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ಹೌದೇನಮ್ಮ?"

"ನಿನ್ನ ಒಳ್ಳೇದಕ್ಕೇ ಕಣೋ. ಅವಳು ನಿನ್ನ ಅಳಿಸಿಬಿಟ್ಲು. ನನಗೆ ನೋಡೋಕಾಗಲಿಲ್ಲ. ಅವಳು ನಿನಗೆ ಹೊಂದೋಳಲ್ಲ ಅಂತ..."

"ಹೌದೋ ಅಲ್ವೋ ಹೇಳು!"

"ಹೌದು."

ಮೇಜು ಮಗುಚಿತು. ಅನ್ನ, ನೀರು, ತಟ್ಟೆ ಎಲ್ಲ ಒಂದು ರಾಶಿ. ಅವನು ತಾಯಿಯ ಕತ್ತಿಗೆ ಕೈ ಹಾಕಿ ಕುರ್ಚಿಯಿಂದ ಎತ್ತಿ ಗೋಡೆಗೆ ಒತ್ತಿದ. ಆಳೆತ್ತರದ ಕನ್ನಡಿ ಎತ್ತುವ ಕೈ. ಅವಳ ಕಾಲು ನೆಲ ಬಿಟ್ಟಿತು.

"ಅದೊಂದೇ ಜಾಗ ಕಣೇ! ನಾನು ಬಾಯಿ ಬಿಟ್ಟದ್ದು ಅದೊಂದೇ ಜಾಗ! ಅದಕ್ಕೂ ಮಣ್ಣು ಹಾಕ್ದೆಯಾ!"

ಸೊಸೆಗೆ ಹೊಡೆದ ಕೈ ತನಗೆ ಎಂದೂ ಹೊಡೆಯುವುದಿಲ್ಲ ಎಂದು ಅಜ್ಜಿ ಇಷ್ಟು ವರ್ಷ ನಂಬಿದ್ದಳು. ಈಗ ಆ ಕೈಯ ಹೆಬ್ಬೆರಳು ಅವಳ ಗಂಟಲ ಗುಳಿಯಲ್ಲಿ ಕೂತಿತ್ತು. ಕಣ್ಣು ಮುಂದಕ್ಕೆ ಬಂದವು, ನಾಲಗೆ ದಪ್ಪವಾಯಿತು, ಕಿವಿಯಲ್ಲಿ ಕಾರ್ಖಾನೆಯ ಅಷ್ಟೂ ಮಷೀನು ಒಟ್ಟಿಗೆ ಓಡಿದವು. ಸಾಯುತ್ತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಮೆಣಸು ಕುರ್ಚಿ ಹತ್ತಿ ಪ್ಲಾಸ್ಟರಿನ ಕೈಯನ್ನು ಅಪ್ಪನ ಕಿವಿಯ ಮೇಲೆ ಬೀಸಿದಳು. ಒಂದು, ಎರಡು, ಮೂರು. ಮೂರನೆಯದಕ್ಕೆ ಪ್ಲಾಸ್ಟರು ಬಿರಿಯಿತು, ಅವನ ಕಿವಿಯೂ ಹರಿಯಿತು. ಅವನು ತಾಯಿಯನ್ನು ಬಿಟ್ಟು ಮಗಳತ್ತ ತಿರುಗಿದ. ಆಗ ಸೊಸೆ ಒಲೆಯ ಮೇಲೆ ಕುದಿಯುತ್ತಿದ್ದ ಚಹಾದ ಪಾತ್ರೆ ಎತ್ತಿ ಅವನ ಭುಜಕ್ಕೆ ಸುರಿದಳು. ಹೊಲಿಗೆ ಹಾಕಿದ ಅಂಗೈ ಬಿರಿದು ಪಾತ್ರೆಯ ಹಿಡಿಯೆಲ್ಲ ರಕ್ತ.

"ಇನ್ನೊಂದು ಹೆಜ್ಜೆ ಮುಂದಿಡು," ಎಂದಳು. "ಇಟ್ಟು ನೋಡು."

ಅವನು ಇಡಲಿಲ್ಲ. ಭುಜ ಹಿಡಿದುಕೊಂಡು ಅನ್ನದ ರಾಶಿಯ ಮೇಲೆ ಕೂತು ಊಳಿಟ್ಟ. ಪಕ್ಕದ ಮನೆಯವರು ಗೋಡೆ ಬಡಿದರು.

ಅರ್ಧ ಗಂಟೆಯಲ್ಲಿ ಸೊಸೆ ಎರಡು ಚೀಲ ತುಂಬಿದಳು. ಮೆಣಸು ಬಾಗಿಲಲ್ಲಿ ನಿಂತು, ಅಜ್ಜಿಯ ಕತ್ತಿನ ನೀಲಿ ಗುರುತು ನೋಡಿ ತಡೆಯಲಾರದೆ, "ನೀನೂ ಬಾ ಅಜ್ಜಿ," ಎಂದಳು. ಸೊಸೆ ಚೀಲ ಕೆಳಗಿಟ್ಟಳು.

"ಬರೋದಾದ್ರೆ ಬನ್ನಿ ಅತ್ತೆ. ಆದ್ರೆ ಇವರ ಪರವಾಗಿ ಒಂದು ಮಾತು ಹೊತ್ತುಕೊಂಡು ಬಂದ್ರೂ ಬಾಗಿಲು ತೆಗೆಯಲ್ಲ. ಈಗಲೇ ಹೇಳಿರ್ತೀನಿ."

ಅಜ್ಜಿ ಮಗನ ಕಡೆ ನೋಡಿದಳು. ಸುಟ್ಟ ಭುಜಕ್ಕೆ ಮುಲಾಮು ಹಚ್ಚುವವರು ಯಾರು? ಅವಳು ಹೋಗಲಿಲ್ಲ. ಮೆಣಸು ಮೆಟ್ಟಿಲಿಳಿಯುವ ಸದ್ದು ಕೇಳುತ್ತ ಅನ್ನ ಬಳಿದು ತೆಗೆದಳು.

ಮೂರು ದಿನ ತಾಯಿ ಮಗ ಇಬ್ಬರೇ. ಅವನು ಕೆಲಸಕ್ಕೆ ಹೋಗಲಿಲ್ಲ. ಅವಳು ಮುಲಾಮು ಹಚ್ಚಿದಳು, ಮೊಟ್ಟೆ ಬೇಯಿಸಿದಳು, ಅವನು ಅಂಗಾತ ಮಲಗಿ ಸೂರು ನೋಡಿದ. ಅವಳ ದನಿ ಒಡೆದುಹೋಗಿತ್ತು. ನೀರು ನುಂಗಿದರೂ ಗಂಟಲು ಉರಿಯುತ್ತಿತ್ತು. ಹತ್ತಿರ ಬಂದಾಗಲೆಲ್ಲ ಅವನ ಕೈ ಎಲ್ಲಿದೆ ಎಂದು ಅವಳ ಕಣ್ಣು ತಾನಾಗಿ ಹುಡುಕುತ್ತಿತ್ತು. ಸೊಸೆ ಹದಿನೇಳು ವರ್ಷ ಹೀಗೇ ಆ ಕೈಯನ್ನು ನೋಡಿಕೊಂಡು ಅಡುಗೆ ಮಾಡಿರಬೇಕು ಎಂದು ಹೊಳೆದಾಗ ಅವಳು ಒಲೆ ಆರಿಸಿ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ನಾಲ್ಕನೆಯ ದಿನ ಬೆಳಗ್ಗೆ ಮಗ ಎದ್ದು ಬಂದು ಎದುರಿಗೆ ಕೂತ.

"ಮೇಡಂಗೆ ಫೋನ್ ಮಾಡಮ್ಮ. ಮತ್ತೆ ತಗೋತಾರಾ ಕೇಳು. ನೀನೇ ಕೆಡಿಸಿದ್ದು, ನೀನೇ ಹೇಳು ಅವರಿಗೆ."

"ಕೆಡಿಸಿದ್ದು ನಾನೇ," ಎಂದಳು ಅವಳು ಒಡೆದ ದನಿಯಲ್ಲಿ. "ಅದನ್ನ ಅವರ ಕಾಲಿಗೆ ಬಿದ್ದಾದ್ರೂ ಹೇಳ್ತೀನಿ. ಅದು ನನ್ನ ತಪ್ಪು. ಫೋನ್ ನೀನು ಮಾಡು."

"ನನಗೆ ಬರಲ್ಲ ಮಾತು. ನಿನಗ್ಗೊತ್ತಲ್ಲ."

ಅವಳು ಫೋನನ್ನು ಅವನ ಮುಂದೆ ಸರಿಸಿದಳು. ಕೊನೆಗೆ ಅವನೇ ನಂಬರು ಒತ್ತಿದ. ಆ ಕಡೆ ಎತ್ತಿದರು. ಅವನು ತಾನು ಯಾರು ಎಂದು ಹೇಳಿದ, ಆಮೇಲೆ ಕೇಳಿಸಿಕೊಂಡ, ಆಮೇಲೆ ಫೋನಿನ ಬಾಯಿಗೆ ಅಂಗೈ ಮುಚ್ಚಿ ತಾಯಿಯ ಕಡೆ ತಿರುಗಿದ.

"ಅಮ್ಮ, ಏನು ನಡೀತು ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?"

ಅವಳ ನಾಲಗೆ ತುದಿಯಲ್ಲಿ ಉತ್ತರಗಳು ಸಾಲಾಗಿ ನಿಂತಿದ್ದವು. ಸ್ವಲ್ಪ ಜಗಳ ಆಯ್ತು ಅನ್ನು. ಕೈ ಜಾರಿತು ಅನ್ನು. ಮನೆಯವಳು ಕೆಣಕಿದಳು ಅನ್ನು. ಮೂವತ್ತಮೂರು ವರ್ಷ ಹೊಲಿದು ಹೊಲಿದು ಕೊಟ್ಟ ಉತ್ತರಗಳು. ಅವಳು ಹಲ್ಲು ಕಚ್ಚಿದಳು.

"ಹೊಡೆದವನು ನೀನು. ನೀನೇ ಹೇಳು."

"ಅಮ್ಮಾ..."

"ನಾನಿದ್ರೆ ನೀನು ಹೇಳಲ್ಲ ಕಣೋ."

ಅವಳು ಒಂದು ಸೀರೆ, ಕನ್ನಡಕ, ಮಾತ್ರೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಬೆನ್ನ ಹಿಂದೆ ಮಗ, "ಮೇಡಂ... ನಾನು... ನಮ್ಮನೇಲಿ..." ಎಂದು ತೊದಲಿ ನಿಂತದ್ದು ಕೇಳಿಸಿತು. ಅವಳ ಕಾಲು ಮೆಟ್ಟಿಲ ಮೇಲೆ ತಡೆಯಿತು. ತಿರುಗಿ ಹೋಗಿ ಆ ವಾಕ್ಯ ಪೂರ್ತಿ ಮಾಡಿಕೊಟ್ಟು ಬರೋಣವೆಂದು ಜೀವ ಒದ್ದಾಡಿತು. ಕೈಕಂಬಿ ಗಟ್ಟಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಬೀದಿಗೆ ಬಂದು, ಬಸ್ಸು ಹತ್ತಿದಳು.

ಸೊಸೆಯ ಅಣ್ಣನ ಮನೆಯ ಬಾಗಿಲನ್ನು ಸೊಸೆಯೇ ಅರ್ಧ ತೆಗೆದಳು. ಒಂದು ಕೈಗೆ ಹೊಸ ಬ್ಯಾಂಡೇಜು, ಇನ್ನೊಂದು ಕೈ ಬಾಗಿಲಿಗೆ ಅಡ್ಡ.

"ಏನು ಹೇಳಿ ಕಳಿಸಿದ್ರು?"

"ಏನೂ ಹೇಳಿ ಕಳಿಸಿಲ್ಲ."

"ಮೇಡಂಗೆ ಫೋನ್ ಮಾಡಿದ್ರಾ?"

"ಮಾಡಿದ."

"ಏನಂತ ಹೇಳಿದ್ರು?"

"ಗೊತ್ತಿಲ್ಲ ಕಣಮ್ಮ," ಎಂದಳು ಅಜ್ಜಿ. "ನಾನು ಕೇಳಿಸಿಕೊಳ್ಳೋಕೆ ನಿಲ್ಲಲಿಲ್ಲ."

ಸೊಸೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಅಡ್ಡ ಇಟ್ಟಿದ್ದ ಕೈ ತೆಗೆದಳು.